ತಿಳಿ ಮಾಡಿದ ಮುಖ

ಇದನ್ನು ಬರೆಯಬೇಕು ಅಂದುಕೊಂಡು ಬಹಳ ದಿನವಾಯಿತು. ಮೊದಲು ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕು ಅಂತ ಮುಂದೆ ಹಾಕಿದೆ, ಆಮೇಲೆ ಮೊಮ್ಮಗಳ ಲಗ್ನ ಅಂತ, ಆಮೇಲೆ ಬಿಸಿಲು ಇಳಿಯಲಿ ಅಂತ. ನಮ್ಮ ಶಹಾಬಾದದಲ್ಲಿ ಬಿಸಿಲು ಇಳಿಯುವುದನ್ನು ಕಾಯುತ್ತ ಕೂತವನು ಏನನ್ನೂ ಬರೆಯುವುದಿಲ್ಲ. ನಾನು ಓದಿದ್ದು ಹೈಸ್ಕೂಲಿನವರೆಗೆ. ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಬದುಕಿದವನು. ಬರೆಯಲು ಬರುವುದಿಲ್ಲ ಅನ್ನುವುದೂ ಒಂದು ನೆವವೇ.

ಮಧ್ಯಾಹ್ನದ ಧಾರಾವಾಹಿಯಲ್ಲಿ ಕೆಲಸದವಳ ಪಾತ್ರ ಮಾಡುತ್ತಿದ್ದ ನಮ್ಮೂರಿನ ನಟಿ ತೀರಿಕೊಂಡಳು. ಆಕೆಯ ಮೊದಲ ಫೋಟೋ ತೆಗೆದವನು ನಾನು. ಈ ಮಾತನ್ನು ವಾಡಿ ಸ್ಟೇಷನ್ನಿನಲ್ಲಿ ರೈಲು ಕಾಯುವವರ ಮುಂದೆ ಹೇಳಿದ್ದೇನೆ, ಸೇಡಂನ ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಆದರೆ ಎಲ್ಲ ಕಡೆಯೂ ಅರ್ಧ ಹೇಳಿ ಬಾಯಿ ಒರೆಸಿಕೊಂಡೆ. ಉಳಿದರ್ಧ ಇದು.

ಸುದ್ದಿ ಬಂದದ್ದು ಮಧ್ಯಾಹ್ನವೇ, ಅದೇ ಧಾರಾವಾಹಿಯ ಹೊತ್ತಿಗೆ. ಟಿವಿಯಲ್ಲಿ ಆಕೆ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದಳು. ಆಕೆಯ ಕಾಲ ಕೆಳಗೆ ಓಡುವ ಅಕ್ಷರಗಳ ಸಾಲಿನಲ್ಲಿ ಆಕೆ ಸತ್ತಿದ್ದಳು. ನನ್ನ ಹೆಂಡತಿ ಎರಡು ಸಲ ಓದಿಸಿಕೊಂಡಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದಳು. ಪಕ್ಕದ ಮನೆಯವರು ಬಂದರು, ಎದುರಿನವರು ಬಂದರು, ನಮ್ಮ ನಡುಮನೆ ಸಾವಿನ ಮನೆಯಾಯಿತು.

ಆ ಅಳು ಕೇಳಿ ನನಗೆ ಸಿಟ್ಟು ಬಂತು. ಅತ್ತವರಲ್ಲಿ ಒಬ್ಬರೂ ಆಕೆಯ ತಾಯಿಯ ಮನೆಯಲ್ಲಿ ಒಂದು ಗುಟುಕು ನೀರು ಕುಡಿದವರಲ್ಲ. ತಾಯಿ ಇನ್ನೂ ಇದೇ ಊರಿನಲ್ಲಿ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಇದ್ದಳು. ನಾವು ಆ ಓಣಿಗೆ ಹೋಗುವವರಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಶರಣರ ಪಟ ಇದೆ, ದಿನಾ ಊದುಬತ್ತಿ ಹಚ್ಚುತ್ತೇವೆ, ಆದರೂ ಹೋಗುವವರಲ್ಲ. ಸಿಟ್ಟು ಬಂದದ್ದು ಅವರ ಮೇಲೆ ಅಂತ ಆಗ ಅಂದುಕೊಂಡೆ.

ಆಕೆಯನ್ನು ಈ ಭಾಗದ ಹೆಂಗಸರು ಯಾಕೆ ಅಷ್ಟು ಹಚ್ಚಿಕೊಂಡಿದ್ದರು ಅನ್ನುವುದನ್ನು ಹೇಳಬೇಕು. ಆ ಧಾರಾವಾಹಿಯ ಬಂಗಲೆಯಲ್ಲಿ ಅತ್ತೆ, ಸೊಸೆಯರು, ಗಂಡಸರು ಎಲ್ಲರೂ ಪುಸ್ತಕದ ಹಾಗೆ ಮಾತಾಡುತ್ತಿದ್ದರು. ನಮ್ಮ ಹಾಗೆ ಮಾತಾಡುವವರು ಆ ಮನೆಯಲ್ಲಿ ಒಬ್ಬಳೇ, ಕಸ ಹೊಡೆಯುವವಳು. ಅದೂ ಮೊದಲು ನಮ್ಮ ಮಾತಾಗಿರಲಿಲ್ಲ. ಬರೆದುಕೊಡುವವರಿಗೆ ಧಾರವಾಡ ಯಾವುದು, ಕಲಬುರಗಿ ಯಾವುದು ಗೊತ್ತಿಲ್ಲ. ಆಕೆಯ ಬಾಯಲ್ಲಿ ಎಲ್ಲದಕ್ಕೂ ‘ಐತಿ’ ಅಂತ ಹಾಕುತ್ತಿದ್ದರು. ನಾವು ಐತಿ ಅನ್ನುವವರಲ್ಲ, ‘ಅದ’ ಅನ್ನುವವರು. ಒಂದು ವರ್ಷ ಆಕೆ ಬರೆದುಕೊಟ್ಟಂತೆ ಐತಿ ಐತಿ ಅಂದಳು. ಒಂದು ದಿನ ಅತ್ತೆ ಪಾತ್ರದವಳು ಸಾರಿಗೆ ಉಪ್ಪು ಇದೆಯಾ ಅಂತ ಕೇಳಿದಾಗ, “ಅದ ನೋಡ್ರಿ ಅವ್ವಾರ, ನಾಲಗಿ ಇದ್ದವರಿಗೆ ತಿಳೀತದ” ಅಂದುಬಿಟ್ಟಳು. ಅದು ಬರೆದ ಮಾತಲ್ಲ. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ಚಿತ್ತಾಪುರದಿಂದ ನನ್ನ ತಂಗಿ ಫೋನು ಮಾಡಿ, ಕೇಳ್ದೇನು ಅಣ್ಣಾ, ‘ಅದ’ ಅಂದಳು ಅಂತ ಹೇಳಿದಳು. ಆವತ್ತಿನಿಂದ ಆಕೆ ನಮ್ಮವಳಾದಳು.

ಆದರೆ ತಟ್ಟೆ ಕೈಯಿಂದ ಇಳಿಯಲಿಲ್ಲ. ಕೆಲವು ವರ್ಷದ ಹಿಂದೆ ಅದೇ ಚಾನೆಲ್ಲಿನವರು ಕಪ್ಪು ಹುಡುಗಿಯೊಬ್ಬಳ ಕಷ್ಟದ ಕಥೆ ಶುರು ಮಾಡಿದರು. ಬಣ್ಣದಿಂದ ಯಾರನ್ನೂ ಅಳೆಯಬೇಡಿ ಅಂತ ಜಾಹೀರಾತು ಬೇರೆ. ನಾಯಕಿ ಅಂತ ಬೆಂಗಳೂರಿನಿಂದ ಒಬ್ಬ ಬಿಳಿ ಹುಡುಗಿಯನ್ನು ಕರೆತಂದು, ಮುಖಕ್ಕೆ, ಕುತ್ತಿಗೆಗೆ, ಕೈಗೆ ಕಪ್ಪು ಬಳಿದು ಕೂಡಿಸಿದರು. ಕಿವಿಯ ಹಿಂದೆ ಬಳಿಯುವುದನ್ನು ಮರೆತಿರುತ್ತಿದ್ದರು, ಹೊರಳಿದಾಗ ಕಾಣುತ್ತಿತ್ತು. ನಮ್ಮೂರಿನವಳು ಆ ಹುಡುಗಿಯ ಮನೆಯ ಕೆಲಸದವಳು. ಆಕೆಗೂ ಇನ್ನಷ್ಟು ಕಪ್ಪು ಬಳಿದಿದ್ದರು, ಯಾಕೆಂದರೆ ಕೆಲಸದವಳು ನಾಯಕಿಗಿಂತ ಕಪ್ಪಿರಬೇಕಲ್ಲ.

“ಕರಿ ಹುಡುಗಿ ಪಾತ್ರ ಇದ್ರ ಇಕಿಗೇ ಕೊಡಬೇಕಿತ್ತಲ್ರಿ,” ಅಂದಳು ನನ್ನ ಹೆಂಡತಿ. “ಬಣ್ಣದ ಖರ್ಚರೆ ಉಳೀತಿತ್ತು.”

ನಾನು ನಕ್ಕೆ. ನಗುವ ಹಕ್ಕು ನನಗಿರಲಿಲ್ಲ.

ಯಾಕೆ ಇರಲಿಲ್ಲ ಅಂದರೆ, ನನ್ನ ಅಂಗಡಿಯಲ್ಲಿ ಒಂದು ಮಾತಿತ್ತು: ತಿಳಿ ಮಾಡುವುದು. ಲಗ್ನದ ಸಂಬಂಧಕ್ಕೆ ಕಳಿಸುವ ಹುಡುಗಿಯರ ಫೋಟೋ ನನ್ನ ಮುಖ್ಯ ದಂಧೆ. ತಂದೆಯರು ಹುಡುಗಿಯನ್ನು ಒಳಗೆ ಕೂಡಿಸಿ, ಹೊರಗೆ ಬಂದು ನನ್ನ ಕಿವಿಯಲ್ಲಿ, “ಜರಾ ತಿಳಿ ಮಾಡ್ರಿ” ಅನ್ನುತ್ತಿದ್ದರು. ಬೆಳ್ಳಗೆ ಮಾಡಿರಿ ಅಂತ ಯಾರೂ ಹೇಳುತ್ತಿರಲಿಲ್ಲ, ನಾಚಿಕೆ. ಕಲಕಿದ ನೀರು ತಿಳಿಯಾದ ಹಾಗೆ ಮುಖ ತಿಳಿಯಾಗಬೇಕು. ಚಿಂಚೋಳಿ ಕಡೆಯವರು ಇದನ್ನೇ ತೆಲುಗು ಬೆರೆಸಿ ಹೇಳುತ್ತಿದ್ದರು. ಆಗೆಲ್ಲ ಕಪ್ಪು ಬಿಳುಪಿನ ಫಿಲ್ಮು. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು, ಅಲ್ಲಿ ಕಪ್ಪಾದದ್ದು ಕಾಗದದ ಮೇಲೆ ಬೆಳ್ಳಗಾಗುತ್ತದೆ. ಹಾಗಾಗಿ ಮುಖ ತಿಳಿ ಮಾಡಬೇಕಾದರೆ ನೆಗೆಟಿವ್‌ನ ಮುಖದ ಮೇಲೆ ಚೂಪಾದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೆರೆ ತುಂಬಬೇಕು. ಅದರಲ್ಲಿ ನನ್ನ ಕೈ ಈ ಜಿಲ್ಲೆಗೇ ಹೆಸರಾಗಿತ್ತು. ಕೊಡ್ಲಿ ಊರಿನ ಒಂದು ಹುಡುಗಿಯನ್ನು ನೋಡಲು ಬಂದವರು, ಫೋಟೋದಲ್ಲಿನ ಹುಡುಗಿ ಎಲ್ಲಿ ಅಂತ ಕೇಳಿ ಎದ್ದು ಹೋದರು. ಆಕೆಯ ತಂದೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತ. ನಾನು ಚಹಾ ತರಿಸಿದೆ, ನನ್ನ ಕೆಲಸ ನಾನು ಮಾಡಿದ್ದೇನೆ ಅಂದೆ.

ಆ ನಟಿಯ ತಾಯಿ ಮಗಳನ್ನು ಕರೆದುಕೊಂಡು ಬಂದದ್ದು ಆ ಕಾಲದಲ್ಲಿ. ಮಗಳು ಕಾಲೇಜಿನ ನಾಟಕದಲ್ಲಿ ಚೆನ್ನಾಗಿ ಮಾಡಿದ್ದಳಂತೆ, ನೋಡಿದ ಯಾರೋ ಬೆಂಗಳೂರಿಗೆ ಫೋಟೋ ಕಳಿಸು ಅಂದಿದ್ದರಂತೆ. ತಾಯಿ ಪಾಲಿಶ್ ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು. ಕೂದಲು, ರೆಪ್ಪೆ, ಬಳೆ ಎಲ್ಲದರ ಮೇಲೆ ಕಲ್ಲಿನ ಪುಡಿ. ಒಳಗೆ ಬರಬೇಡ, ಧೂಳು ಬೀಳುತ್ತದೆ ಅಂದೆ. ಧೂಳಿನ ಮಾತು ಅರ್ಧ ಸುಳ್ಳು ಅನ್ನುವುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು. ಬಾಗಿಲ ಹೊರಗೆ ನಿಂತೇ ಹೇಳಿದಳು:

“ಸಾವಕಾರ್ರ, ಜರಾನೂ ತಿಳಿ ಮಾಡಬ್ಯಾಡ್ರಿ. ಹ್ಯಾಂಗ ಅದಾಳ ಹಂಗೇ ಬರ್ಲಿ.”

ಅಲ್ಲಿಯವರೆಗೆ ಹಾಗೆ ಹೇಳಿದವರು ಒಬ್ಬರೂ ಇರಲಿಲ್ಲ. ನನಗೆ ಅದು ನನ್ನ ಕೈಗೆ ಮಾಡಿದ ಅವಮಾನದಂತೆ ಕೇಳಿಸಿತು. ಅದೂ ಇವಳಿಂದ.

“ಇದ್ದಂಗ ತೆಗದ್ರ ಬರೇ ಹಲ್ಲು ಕಾಣ್ತಾವ, ಯಮ್ಮಾ,” ಅಂದೆ. ಕೂತವರು ನಕ್ಕರು. ಹುಡುಗಿ ತಲೆ ತಗ್ಗಿಸಲಿಲ್ಲ, ನನ್ನನ್ನೇ ನೋಡಿದಳು.

“ಹಲ್ಲರೆ ಕಾಣ್ಲಿ ಬಿಡ್ರಿ,” ಅಂದಳು ತಾಯಿ. “ನಿಮ್ಮ ರೊಕ್ಕ ನೀವು ತಗೋರಿ. ನನ್ನ ಮಗಳ ಮುಖ ನನಗ ಕೊಡ್ರಿ.”

ಫೋಟೋ ತೆಗೆದೆ. ಮರುದಿನ ನೆಗೆಟಿವ್ ಹಿಡಿದು ಕೂತು, ಯಾವ ಸಾವಕಾರರ ಮಗಳಿಗೂ ಮಾಡದಷ್ಟು ತಿಳಿ ಮಾಡಿದೆ. ಮುಂದೆ ಯಾರಾದರೂ ಕೇಳಿದರೆ, ಬಡವರ ಹುಡುಗಿ, ಒಂದು ದಾರಿ ಆಗಲಿ ಅಂತ ಮಾಡಿದೆ ಎನ್ನುವ ಉತ್ತರ ಇಟ್ಟುಕೊಂಡಿದ್ದೆ. ಅದು ಸುಳ್ಳು. ಆಕೆ ಬೇಡ ಅಂದಳು ಅನ್ನುವ ಹಟಕ್ಕೆ ಮಾಡಿದೆ. ಹಣೆ ತುಂಬಿದೆ, ಕೆನ್ನೆ ತುಂಬಿದೆ, ಮೂಗಿನ ಪಕ್ಕದ ನೆರಳು ತೆಗೆದೆ. ಕೊನೆಗೆ ಕಾಗದದ ಮೇಲೆ ಬಂದವಳು ಬೇರೆಯವಳು. ಹುಡುಗಿ ಒಬ್ಬಳೇ ಬಂದು ತೆಗೆದುಕೊಂಡು ಹೋದಳು. ನೋಡಿದಳು, ಹಾಗೆಯೇ ಲಕೋಟೆಗೆ ಹಾಕಿಕೊಂಡಳು. ಸಂಜೆಯ ಟಪಾಲಿಗೆ ಹಾಕುವುದಿತ್ತು.

ಬೆಂಗಳೂರಿನಲ್ಲಿ ಏನಾಯಿತು ಅನ್ನುವುದನ್ನು ಆಕೆಯೇ ಹೇಳಿದಳು, ಹೆಸರಾದ ಮೇಲೆ ಒಮ್ಮೆ ಊರಿಗೆ ಬಂದಾಗ. ಅಷ್ಟರಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯ ಗಾಜಿನಲ್ಲಿ ಇಟ್ಟಿದ್ದೆ. ಆಕೆ ರಸ್ತೆಯಲ್ಲಿ ನಿಂತು ಅದನ್ನು ನೋಡಿ ಒಳಗೆ ಬಂದಳು. ಕುಂದ್ರು ಅಂದೆ. ಕುಂದ್ರಿ ಅನ್ನಬೇಕಿತ್ತು. ಜನ ಸೇರಿದರು. ಫೋಟೋ ನೋಡಿ ನಾಯಕಿ ಪಾತ್ರಕ್ಕೆ ಅಂತ ಕರೆಸಿದರಂತೆ. ಈಕೆ ಹೋಗಿ ನಿಂತಾಗ, ಫೋಟೋದವಳ ಜೊತೆ ಬಂದ ಕೆಲಸದಾಕೆ ಅಂದುಕೊಂಡು, ಮೇಡಂ ಎಲ್ಲಿ ಅಂತ ಕೇಳಿದರಂತೆ. ನಾನೇ ಅಂದಾಗ ಫೋಟೋ ಮುಖದ ಪಕ್ಕ ಹಿಡಿದು ಒಬ್ಬರಿಗೊಬ್ಬರು ತೋರಿಸಿ ನಕ್ಕರಂತೆ. ಮೋಸ ಮಾಡಲು ಬಂದಿದ್ದೀಯಾ ಅಂತಲೂ ಕೇಳಿದರಂತೆ. ಸಂಜೆಯವರೆಗೆ ಕೂಡಿಸಿ, ಊರಿಗೆ ಹೋಗಲು ಎದ್ದಾಗ, ಅಡುಗೆಮನೆಯ ಪಾತ್ರ ಒಂದಿದೆ ಅಂದರಂತೆ. ಇದನ್ನೆಲ್ಲ ಆಕೆ ನಗುನಗುತ್ತ, ಅವರ ಧ್ವನಿಗಳನ್ನು ಮಾಡಿ ತೋರಿಸುತ್ತ ಹೇಳಿದಳು. ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎದ್ದು ಹೋಗುವಾಗ ಗಾಜಿನ ಕಡೆ ಕೈ ತೋರಿಸಿ,

“ಕಾಕಾ, ನೀವು ತೆಗೆದ ಹುಡುಗಿ ಇನ್ನೂ ಬೆಂಗಳೂರಿಗೆ ಬಂದೇ ಇಲ್ರಿ,” ಅಂದಳು. “ಅವ್ರು ಹುಡುಕ್ಲಿಕತ್ತಾರ.”

ನಾನೂ ನಕ್ಕೆ. ಆಕೆ ಫೋಟೋ ತೆಗೆಯಿರಿ ಅನ್ನಲಿಲ್ಲ, ನಾನು ತೆಗೆಯಲಿಲ್ಲ.

ಆಕೆ ಸತ್ತ ಮೇಲೆ ಧಾರಾವಾಹಿಯಲ್ಲಿ ಒಬ್ಬ ಸೊಸೆ, ಅವಳು ಊರಿಗೆ ಹೋದಳು ಅಂತ ಒಂದು ಸಾಲು ಹೇಳಿದಳು. ಅಷ್ಟೇ. ಅದೇ ಧಾರಾವಾಹಿಯ ನಾಯಕಿ ಲಗ್ನವಾಗಿ ಬಿಟ್ಟು ಹೋದಾಗ ವಾರಗಟ್ಟಲೆ ಹಳೆಯ ದೃಶ್ಯ ತೋರಿಸಿ, ಎಲ್ಲರನ್ನೂ ಅಳಿಸಿ, ಹಾರ ಹಾಕಿ ಕಳಿಸಿದ್ದರು. ಮುಂದಿನ ವಾರ ಅದೇ ತಟ್ಟೆ ಹಿಡಿದು ಹೊಸ ಕೆಲಸದವಳು ಬಂದಳು. ಬಾಯಿ ತೆರೆದಳು, ಐತಿ ಅಂದಳು. ನನ್ನ ಹೆಂಡತಿ ಟಿವಿ ಆರಿಸಿದಳು.

ಊರಿನವರು ಮಾತ್ರ ದೊಡ್ಡದಾಗಿಯೇ ಮಾಡಿದರು. ಬಜಾರಿನ ಚೌಕಿನಲ್ಲಿ ಶ್ರದ್ಧಾಂಜಲಿ ಸಭೆ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಹೆಂಗಸರು ಗಾಡಿ ಮಾಡಿಕೊಂಡು ಬಂದರು. ಸಭೆ ಮಾಡಿದ ಹುಡುಗರು ಹಿಂದಿನ ದಿನ ನನ್ನ ಗಾಜಿನ ಫೋಟೋ ಇಸಿದುಕೊಂಡು ಹೋಗಿ ಫ್ಲೆಕ್ಸ್ ಮಾಡಿಸಿದ್ದರು. ಫ್ಲೆಕ್ಸ್ ಅಂಗಡಿಯವನು ತನ್ನ ಪುಣ್ಯಕ್ಕೆ ಕಂಪ್ಯೂಟರಿನಲ್ಲಿ ಇನ್ನೊಂದು ಸಲ ತಿಳಿ ಮಾಡಿದ್ದ. ತುಟಿಗೆ ಕೆಂಪು, ಹಿಂದೆ ಮೋಡ. ಆಳೆತ್ತರದ, ಹಾಲಿನಂಥ ಒಂದು ಮುಖ. ಅದಕ್ಕೆ ಹಾರ ಹಾಕಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬ ಹೆಂಗಸು ಮೈಕಿನಲ್ಲಿ, ಈಕೆ ನಮ್ಮ ಮನೆಯ ಮಗಳು ಅಂದಳು.

ತಾಯಿಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಹೂ ಹಾಕಲು ಕರೆದಾಗ ಎದ್ದು ಫ್ಲೆಕ್ಸಿನ ಹತ್ತಿರ ಹೋದಳು. ಹೂ ಕೈಯಲ್ಲೇ ಇತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ಸಭೆ ಮಾಡಿದ ಹುಡುಗನ ಕಡೆ ತಿರುಗಿ ಕೇಳಿದಳು:

“ಇಕಿ ಯಾರಪ್ಪಾ? ಯಾರು ಸತ್ತಾರ?”

ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಅಂತ ಯಾರೋ ಪಿಸುಗುಟ್ಟಿದರು. ತಲೆ ಸರಿಯಾಗಿಯೇ ಇತ್ತು. ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಜನರ ನಡುವೆ ನನ್ನನ್ನು ಹುಡುಕಿ ಎದುರು ಬಂದು ನಿಂತಳು.

“ನಾ ತಿಳಿ ಮಾಡಬ್ಯಾಡ್ರಿ ಅಂದಿದ್ದೆ.”

ನಾನು ಫ್ಲೆಕ್ಸಿನ ಕಡೆ ನೋಡಿದೆ.

“ನಿಮ್ಮ ಕಡೆ ಅದರದು ಮೂಲ ಇರಬೇಕಲ್ಲ. ಅದನ್ನ ಕೊಡ್ರಿ. ಮನ್ಯಾಗ ಬುದ್ಧನ ಪಟದ ಬಾಜೂಕ ಇಡ್ತೀನಿ. ನನ್ನ ಹತ್ರ ಆಕಿ ಮುಖ ಇಲ್ರಿ.”

ಇಲ್ಲ ಅಂದರೆ ನಿಜವಾಗಿಯೂ ಇರಲಿಲ್ಲ. ಚಾನೆಲ್ಲಿನವರು ಕಳಿಸಿದ ಫೋಟೋದಲ್ಲಿ ಕಪ್ಪು ಬಳಿದಿತ್ತು. ಸಮಾರಂಭಗಳ ಫೋಟೋದಲ್ಲಿ ಬಿಳಿ ಬಳಿದಿತ್ತು. ಮೊಬೈಲಿನವು ಇದ್ದವು, ಆದರೆ ಈಗಿನ ಮೊಬೈಲು ಯಾರೂ ಹೇಳದೆಯೇ ತಾನೇ ತಿಳಿ ಮಾಡುತ್ತದೆ. ಊರು ಬಿಡುವ ಮೊದಲಿನ ಮುಖ ಎಲ್ಲಾದರೂ ಉಳಿದಿದ್ದರೆ ಅದು ನನ್ನ ಡಬ್ಬಿಯೊಳಗಿನ ನೆಗೆಟಿವ್‌ನಲ್ಲಿ, ನನ್ನ ಪೆನ್ಸಿಲಿನ ಅಡಿಯಲ್ಲಿ.

ನಾಳೆ ಮನೆಗೆ ಬಾ ಅಂದೆ. ಮನೆಗೆ ಬಂದು ಡಬ್ಬಿಗಳನ್ನು ಇಳಿಸಿದೆ. ಕಾಗದದ ಲಕೋಟೆಯೊಳಗೆ ಅದು ಇತ್ತು. ಬೆಳಕಿಗೆ ಹಿಡಿದಾಗ ಪೆನ್ಸಿಲಿನ ಗೆರೆಗಳು ಕಂಡವು, ಅವುಗಳ ಕೆಳಗೆ ಹಣೆಯ ಆಕಾರ, ಹಲ್ಲು, ನನ್ನನ್ನೇ ನೋಡುತ್ತಿದ್ದ ಕಣ್ಣು. ಪೆನ್ಸಿಲನ್ನು ಒರೆಸಿ ತೆಗೆಯಬಹುದು ಅನ್ನುವುದು ನನಗೆ ಗೊತ್ತಿತ್ತು. ಹೊಸ ಫಿಲ್ಮಿನ ಮೇಲೆ ಎಷ್ಟೋ ಸಲ ಒರೆಸಿ ತಿದ್ದಿದ್ದೆ. ಆದರೆ ಇದು ಹಳೆಯದು, ಎಷ್ಟೋ ಬೇಸಿಗೆ ತಿಂದದ್ದು. ಕಲಬುರಗಿಯಲ್ಲಿ ಇಂಥದ್ದನ್ನು ಹಾಗೆಯೇ ಕಂಪ್ಯೂಟರಿಗೆ ಹಾಕಿ ಬಿಡಿಸುವವರಿದ್ದಾರೆ, ಅವರ ಕೈಗೆ ಕೊಡಿ ಅಂತ ಮಗ ಹೇಳಿದ. ನಾನು ಕೇಳಲಿಲ್ಲ. ನನ್ನ ಕೈ ಮಾಡಿದ್ದನ್ನು ಬೇರೆಯವನು ನೋಡುವುದು ಬೇಡವಾಗಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕೆನ್ನೆಯ ಮೇಲೆ ಮೆಲ್ಲಗೆ ತಿರುಗಿಸಿದೆ. ಗೆರೆಗಳು ಹೋದವು. ಖುಷಿಯಾಯಿತು. ಇನ್ನೊಂದು ಸಲ ತಿರುಗಿಸಿದೆ. ಫಿಲ್ಮಿನ ಮೇಲಿನ ಪದರ ಹಾಲಿನ ಕೆನೆಯಂತೆ ಮುದುರಿಕೊಂಡು ಹತ್ತಿಗೆ ಬಂತು. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಮೂಗು, ತುಟಿ, ಒಂದು ಕಣ್ಣು ಬಂದುಬಿಟ್ಟವು. ಹಿಡಿದು ನೋಡಿದರೆ ಕೂದಲು ಇದೆ, ಕೊರಳಿನ ಸರ ಇದೆ, ನಡುವೆ ಏನೂ ಇಲ್ಲ, ಬರೀ ಗಾಜಿನಂಥ ಫಿಲ್ಮು.

ಮರುದಿನ ಆಕೆ ಬಂದಾಗ ನಾನು ಸುಳ್ಳು ಹೇಳಿದೆ. ಮಳೆಯ ನೀರು ಇಳಿದು ಹಾಳಾಗಿದೆ ಅಂದೆ. ಡಬ್ಬಿಗಳು ಇನ್ನೂ ನೆಲದ ಮೇಲೇ ಇದ್ದವು. ಆಕೆ ಬಗ್ಗಿ ಒಂದೊಂದೇ ಲಕೋಟೆ ಮುಟ್ಟಿ ನೋಡಿದಳು.

“ಬಾಕಿ ಎಲ್ಲಾ ಒಣಾ ಅದಾವಲ್ರಿ,” ಅಂದಳು. “ಮಳೆ ನನ್ನ ಮಗಳ ಮ್ಯಾಲೆ ಅಷ್ಟೇ ಬಿತ್ತೇನು?”

ಆಗಲಾದರೂ ಹೇಳಬಹುದಿತ್ತು. ನನ್ನ ತಪ್ಪು ತಾಯಿ, ಹೀಗಾಯಿತು ಅಂತ ಎರಡು ಮಾತು. ಬದಲಿಗೆ ನನಗೆ ಮತ್ತೆ ಆ ಹಳೆಯ ಸಿಟ್ಟು ಬಂತು, ನನ್ನ ಕೆಲಸದ ಬಗ್ಗೆ ಇವಳು ನನ್ನನ್ನು ಕೇಳುವುದೇ ಅಂತ. “ಇಲ್ಲ ಅಂದ್ನಲ್ಲ, ಹೋಗು,” ಅಂದೆ. ಮಗ, ಸೊಸೆ ಇಬ್ಬರೂ ಅಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ, ಮಗಳನ್ನು ಮಣ್ಣಿಗಿಟ್ಟು ಬಂದ ಹೆಂಗಸಿಗೆ ನಾನು ಹೋಗು ಅಂದೆ. ಆಕೆ ಹೋದಳು.

ಈಗ ಆಕೆಯ ಮನೆಯ ಗೋಡೆಯ ಮೇಲೆ ಮಗಳ ಪಟ ಇಲ್ಲ. ಮಾತಾಡಿಸಲು ಹೋದವರು ಯಾಕಿಲ್ಲ ಅಂತ ಕೇಳಿದರೆ, “ಫೋಟೋದವರ ಅಂಗಡ್ಯಾಗ ಅದ, ಕೊಡವಲ್ರು” ಅನ್ನುತ್ತಾಳಂತೆ. ಕೇಳಿದವರು ನನ್ನ ಹತ್ತಿರ ಬರುತ್ತಾರೆ. ಪಾಪ, ಹೆತ್ತವಳು, ಕೊಟ್ಟುಬಿಡ್ರಲ್ಲ ಅನ್ನುತ್ತಾರೆ. ಹುಡುಕ್ಲಿಕತ್ತೀನಿ ಅನ್ನುತ್ತೇನೆ. ಗಾಜಿನ ಫೋಟೋ ತೆಗೆದುಬಿಟ್ಟಿದ್ದೇನೆ, ಅದಕ್ಕೂ ಜನ ಬಯ್ಯುತ್ತಾರೆ, ನಮ್ಮೂರಿನ ಕಲಾವಿದೆಯ ನೆನಪನ್ನೂ ಈ ಮುದುಕ ಬಚ್ಚಿಟ್ಟುಕೊಂಡ ಅಂತ. ಬಯ್ಯಲಿ.

ಸತ್ತವಳ ಮುಂದೆ ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ. ಅದು ಸುಲಭ, ಉತ್ತರ ಬರುವುದಿಲ್ಲ. ಉತ್ತರ ಕೊಡುವವಳು ಹತ್ತು ನಿಮಿಷದ ದಾರಿಯಲ್ಲಿದ್ದಾಳೆ. ನಿನ್ನ ಮಗಳ ಮುಖವನ್ನು ನಾನು ಎರಡು ಸಲ ಕೆಡಿಸಿದೆ, ಒಂದು ಸಲ ಹಟಕ್ಕೆ, ಒಂದು ಸಲ ಬೇರೆಯವರು ಕಂಡಾರು ಅನ್ನುವ ಹೆದರಿಕೆಗೆ, ಈಗ ಅದು ಎಲ್ಲಿಯೂ ಇಲ್ಲ ಅಂತ ಆಕೆಯ ಬಾಗಿಲಲ್ಲಿ ನಿಂತು ಹೇಳಬೇಕು. ಇದನ್ನು ಬರೆದದ್ದು ಹೇಳಿದ ಹಾಗಾಗುವುದಿಲ್ಲ, ಆಕೆಗೆ ಓದು ಬರುವುದಿಲ್ಲ. ನಾನು ಇವತ್ತಿನವರೆಗೂ ತಪ್ಪಾಯಿತು ಅನ್ನದೆ ಇರುವುದು ಪಾಲಿಶ್ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಒಬ್ಬಳೇ ಇರುವ ಆ ಹುಡುಗಿಯ ತಾಯಿಗೆ.